ಮುತ್ತೈದೆಯ ಎಲೆ

ಮಾವನವರು ತೀರಿಕೊಂಡ ಮೇಲೆ ನನ್ನ ಅತ್ತೆ ಕೃಷ್ಣಾಬಾಯಿಯವರನ್ನು ಯಾರೂ ಅರಿಷಿಣ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಅದಕ್ಕೆ ಅವರು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಶ್ರಾವಣ ಬಂತೆಂದರೆ ಸಾಕು, ನಾರಾಯಣಗೂಡದಿಂದ ಕಾಚಿಗೂಡದವರೆಗೆ ನಮ್ಮವರ ಮನೆಗಳಲ್ಲೆಲ್ಲ ಶುಕ್ರವಾರದ ಪೂಜೆ, ಮುತ್ತೈದೆಗೆ ಊಟ. ಮುತ್ತೈದೆ ಎಂದರೆ ಆ ಹೊತ್ತಿಗೆ ಸಾಕ್ಷಾತ್ ಲಕ್ಷ್ಮಿ. ಅವಳು ಬೇಡ ಅನ್ನುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ. ಬಿಟ್ಟರೆ ಬಡಿಸಿದ ಮನೆಗೆ ಕೇಡು. ನಾನು ಎಲೆಯ ಮುಂದೆ, ಅತ್ತೆ ಹಿಂದೆ ಕಂಬಕ್ಕೆ ಒರಗಿ. ಸೊಸೆ ಲಕ್ಷ್ಮಿಯಾದರೆ ಅತ್ತೆಗೂ ಒಂದು ಮಣೆ ಸಿಗುತ್ತಿತ್ತು.

ಇದೆಲ್ಲ ನಡೆಯಲಿ, ನನ್ನದೇನೂ ತಕರಾರಿರಲಿಲ್ಲ. ಆದರೆ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೆತ್ತ ಮೇಲೆ ಹೋಯಿತು. ಕೋಠಿಯ ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದ್ದರು: ಇದು ಮನೆ ಬಿಟ್ಟು ಹೋಗಿದೆ, ದಾರಿ ಮರೆತಿಲ್ಲ. ಅನ್ನ ಕಡಿಮೆ ಮಾಡು, ಜೋಳದ ರೊಟ್ಟಿ, ಸೊಪ್ಪು, ಕಾಳು ತಿನ್ನು, ಸಿಹಿ ಮುಟ್ಟಬೇಡ, ದಿನಾ ನಡೆ, ವರ್ಷಕ್ಕೊಮ್ಮೆ ರಕ್ತ ತೋರಿಸು. ಹೀಗಿದ್ದರೆ ತಡೆಯಬಹುದು ಅಂದರು. ನನಗೆ ತಡೆಯಲೇಬೇಕಿತ್ತು. ರಾಯಚೂರಿನಲ್ಲಿ ನಮ್ಮವ್ವ ಸುಭದ್ರಾ ಇದೇ ರೋಗಕ್ಕೆ ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಕಾಲನ್ನೇ ಕೊಟ್ಟು ಸತ್ತಳು. ಅವಳ ಗಾಯದ ಪಟ್ಟಿ ಬಿಚ್ಚುತ್ತಿದ್ದವಳು ನಾನು. ಆ ನಾತ ನನ್ನ ಮಗಳ ಮೂಗಿಗೆ ಬರಬಾರದು, ಅಷ್ಟೇ ನನ್ನ ಹಟ.

ಅತ್ತೆಗೆ ನನ್ನ ರೊಟ್ಟಿ ಕಂಡರೆ ಉರಿ. ಕೂಲಿಯವರ ಊಟ ಎನ್ನುತ್ತಿದ್ದರು. ಸಂಜೆ ನಡೆಯಲು ಹೊರಟರೆ, ಗಂಡನ ಹೊಟ್ಟೆಗೆ ಹಾಕುವ ಹೊತ್ತಿನಲ್ಲಿ ಬೀದಿ ಅಳೆಯುವ ಸೊಸೆ ಎಂದು ಮನೆಗೆ ಬಂದವರ ಮುಂದೆ ನಗುತ್ತಿದ್ದರು. ಪೂಜೆಯ ಮನೆಗಳಲ್ಲಂತೂ ಕೇಳಲೇಬೇಡಿ. ನಾನು ಅರ್ಧ ಹೋಳಿಗೆ ಸಾಕೆಂದು ಕಣ್ಸನ್ನೆ ಮಾಡಿದರೆ, ಕಂಬದ ಕಡೆಯಿಂದ ದನಿ ಬರುತ್ತಿತ್ತು, ನಮ್ಮ ಶಾಮಲಾಗೆ ಹೋಳಿಗೆ ಅಂದರೆ ಪ್ರಾಣ, ನಾಚಿಕೊಳ್ಳುತ್ತಾಳೆ, ಹಾಕಿರಿ ಎಂದು. ಇನ್ನೊಂದು ಬೀಳುತ್ತಿತ್ತು. ಮೇಲೆ ತುಪ್ಪ.

ಒಮ್ಮೆ ದಾರಿಯಲ್ಲಿ ಆಟೋ ನಿಲ್ಲಿಸಿ ಅತ್ತೆಯ ಕಾಲು ಹಿಡಿದೆ. ಅವ್ವನ ಕಾಲಿನ ಕಥೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡರು.

"ನಿಮ್ಮವ್ವನ ಕರ್ಮ ಅಕಿಗೆ. ನಿನ್ನ ಸಕ್ಕರಿ ಹೋಗ್ಯದಲ್ಲ, ಮತ್ತ್ಯಾಕ ಅದರ ಹೆಸರು ಎತ್ತತಿ? ಲಕ್ಷ್ಮೀ ಪ್ರಸಾದದಾಗ ವಿಷ ಇರ್ತದೇನು?"

ನನ್ನ ಗಂಡ ಶ್ರೀನಿವಾಸರಾಯರು, ಏಜಿ ಆಫೀಸಿನವರು, ಲಕ್ಷಗಟ್ಟಲೆ ಲೆಕ್ಕದಲ್ಲಿ ತಪ್ಪು ಹಿಡಿಯುವವರು, ಒಂದು ದಿನ ತಿಂದರೆ ಏನಾಗುತ್ತದೆ ಅಂದರು. ಶ್ರಾವಣದ ಶುಕ್ರವಾರಗಳು, ನವರಾತ್ರಿ, ಚೈತ್ರದ ಗೌರಿ, ಇವೆಲ್ಲ ಸೇರಿ ಅವರ ಪಾಲಿಗೆ ಒಂದು ದಿನ! ಏನು ಮಾಡಲಿ, ಅವರ ತಾಯಿಗೆ ಮಣೆ ಬೇಕಿತ್ತು. ರಕ್ತ ತೋರಿಸುತ್ತೇನೆಂದರೆ, ಇಲ್ಲದ ರೋಗ ಹುಡುಕಿಕೊಂಡು ಹೋಗುವುದೇ ಎಂದು ತಾಯಿ ಮಗ ಒಂದೇ ರಾಗ.

ಮಗಳು ಶಾಲೆಗೆ ಸೇರಿದ ವರ್ಷ ಹೇಳದೆ ಹೋಗಿ ತೋರಿಸಿದೆ. ಬಂದಿತ್ತು. ಈ ಸಲ ಹೋಗುವುದಿಲ್ಲವಮ್ಮ ಎಂದರು ಡಾಕ್ಟರಮ್ಮ. ಅಷ್ಟು ಹೇಳಿದ್ದೆನಲ್ಲ, ಯಾಕೆ ಕೇಳಲಿಲ್ಲ ಎಂದು ಬೈದರು. ನಾನು ಏನೆಂದು ಹೇಳಲಿ, ದೇವಿಯಾಗಿದ್ದೆ ಅನ್ನಲೇ? ಕೋಠಿಯ ಬಸ್ ಸ್ಟಾಪಿನಲ್ಲಿ ನಿಂತು ಹುಚ್ಚಿಯ ಹಾಗೆ ಅತ್ತುಬಿಟ್ಟೆ.

ಮನೆಯಲ್ಲಿ ಹೇಳಿದಾಗ ಅತ್ತೆ ಸೀದಾ ಫೋನಿನ ಹತ್ತಿರ ಹೋಗಿ ಕಾಚಿಗೂಡದ ಪಾರ್ವತಿಬಾಯಿಗೆ, ಈ ಶ್ರಾವಣದಿಂದ ಶಾಮಲಾ ಬರುವುದಿಲ್ಲ ಅಂದರು. ನನ್ನ ಮೇಲೆ ಕರುಣೆ ಬಂತೇನೋ ಎಂದುಕೊಂಡೆ. ನನ್ನ ಮೂರ್ಖತನಕ್ಕೆ ಬೆಂಕಿ ಹಾಕಬೇಕು.

"ರೋಗದಾಕಿನ್ನ ಲಕ್ಷ್ಮೀ ಅಂತ ಕೂಡಿಸಲಿಕ್ಕೆ ಬರಂಗಿಲ್ಲರಿ," ಅಂದರು ಫೋನಿನಲ್ಲಿ. "ನಮ್ಮ ಸಣ್ಣ ಸೊಸಿನ್ನ ಕರಕೊಂಡು ಬರ್ತೀನಿ."

ಸಣ್ಣ ಸೊಸೆ ಎಂದರೆ ಮೈದುನ ನರಸಿಂಹನ ಹೆಂಡತಿ ವನಜಾ. ಬಾಣಂತನ ಮುಗಿಸಿಕೊಂಡು ಆಗಷ್ಟೇ ತವರಿನಿಂದ ಬಂದಿದ್ದಳು. ಅವಳಿಗೂ ಬಸಿರಿನಲ್ಲಿ ಸಕ್ಕರೆ ಬಂದು ಹೋಗಿತ್ತು. ನಾನು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಎಲ್ಲ ಹೇಳಿದೆ, ಅವ್ವನ ಕಾಲಿನವರೆಗೆ. ಹೆದರಿದಳು. ದಿನಾ ನನ್ನ ಜೊತೆ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಮಡಕಿಕಾಳು ತಿಂದಳು. ಇವಳನ್ನಾದರೂ ಉಳಿಸಿಕೊಂಡೆ ಎಂದು ಹಿಗ್ಗಿದೆ.

ಶ್ರಾವಣದ ಮೊದಲ ಶುಕ್ರವಾರ ನಮ್ಮ ಮನೆಯದೇ ಪೂಜೆ. ಪಾರ್ವತಿಬಾಯಿ ಬಂದಿದ್ದರು, ಓಣಿಯವರೆಲ್ಲ ಬಂದಿದ್ದರು. ವನಜಾ ಮುತ್ತೈದೆ, ಬಡಿಸುವವಳು ನಾನು. ಒಂದು ಹೋಳಿಗೆ ಹಾಕುವಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. ಕಂಬದ ಕಡೆಯಿಂದ ದನಿ ಬಂತು.

"ಶಾಮಲಾ, ಇನ್ನೆರಡು ಹಾಕು. ವನಜಾಗ ಹೋಳಿಗಿ ಅಂದ್ರ ಪ್ರಾಣ."

ನಾನು ಪಾತ್ರೆ ಕೆಳಗಿಟ್ಟೆ. ಎಲ್ಲರ ಮುಂದೆ ವನಜಾಳ ಎಲೆಗೆ ಕೈ ಹಾಕಿ ಹೋಳಿಗೆ ಎತ್ತಿ ಕಚ್ಚಿದೆ, ಉಳಿದ ಚೂರನ್ನು ಅದೇ ಎಲೆಯ ನಡುವೆ ಇಟ್ಟೆ. ಮುತ್ತೈದೆಯ ಎಲೆ ಎಂಜಲಾಯಿತು. ಪಾರ್ವತಿಬಾಯಿ ಶಿವಶಿವಾ ಎಂದು ಎದ್ದರು. ಅತ್ತೆಯ ಮುಖ ಸುಣ್ಣವಾಯಿತು. ಇನ್ನು ಆ ಎಲೆಯಲ್ಲಿ ಯಾರೂ ಅವಳಿಗೆ ಬಡಿಸುವಂತಿರಲಿಲ್ಲ, ನಡುವೆ ಎಲೆ ಬದಲಿಸುವಂತೆಯೂ ಇರಲಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಏಳು ವನಜಾ," ಅಂದೆ.

ಅವಳು ಏಳಲಿಲ್ಲ. ತನ್ನ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇದು ನಿಮ್ಮ ಹೊಟ್ಟಿಕಿಚ್ಚು ಅಕ್ಕಾ," ಅಂದಳು. "ನಿಮ್ಮನ್ನ ಕರೀಲಿಲ್ಲ ಅಂತ ನನ್ನ ಎಲಿ ಎಂಜಲಾ ಮಾಡಿದ್ರಿ. ನನ್ನ ಗಂಡಗ ಏನರೆ ಆದ್ರ?"

ಮರುವಾರ ಅವಳು ಅತ್ತೆಯ ಹಿಂದೆ ಕಾಚಿಗೂಡಕ್ಕೆ ಹೋದಳು. ದೋಷ ಕಳೆಯಲೆಂದು, ಬಡಿಸಿದ್ದಷ್ಟನ್ನೂ ತಿಂದು ಮತ್ತೆ ಕೇಳಿ ಹಾಕಿಸಿಕೊಂಡಳಂತೆ. ಅತ್ತೆಯೇ ಬಂದು ನನ್ನ ಮುಂದೆ ನಿಂತು ಹೇಳಿದರು. ಅವಳ ಪಾಲಿಗೆಂದು ಬಡಿದಿಟ್ಟ ರೊಟ್ಟಿಯನ್ನು ನಾನೇ ಮುರಿದು ತಿಂದೆ.