ಹದಿನೆಂಟನೆಯ ನಿಮಿಷದ ಮಾತು

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಜನ ಬೈಯುತ್ತಾರೆ. ಈತನಿಗೆ ಅದಕ್ಕೇ ಸಂಬಳ ಕೊಡುತ್ತಿದ್ದರು. ನಗರದ ಬಾರು, ರೆಸ್ಟೋರೆಂಟುಗಳಿಗೆ ಮಾಮೂಲಿ ಗಿರಾಕಿಯ ಹಾಗೆ ಹೋಗಿ, ಹೊಟ್ಟೆ ತುಂಬ ಉಂಡು, ಅಲ್ಲಿನ ಮಾಲೀಕರಿಗೆ ಗುಟ್ಟಾಗಿ ವರದಿ ಒಪ್ಪಿಸುವುದು ಅವನ ಕೆಲಸ. ನೀರು ಎಷ್ಟು ನಿಮಿಷಕ್ಕೆ ಬಂತು, ಮೆನು ಕೊಟ್ಟವರು ನಕ್ಕರೋ ಇಲ್ಲವೋ, ಕಕ್ಕಸಿನಲ್ಲಿ ಸೋಪು ಇತ್ತೋ, ಹೀಗೆ ತೊಂಬತ್ತಾರು ಪ್ರಶ್ನೆ. ಕೆಳಗೆ ಬಿದ್ದ ಚಮಚಕ್ಕೆ ಬದಲು ಚಮಚ ಎಷ್ಟು ಹೊತ್ತಿಗೆ ಬಂತು ಎಂಬುದೂ ಒಂದು ಪ್ರಶ್ನೆ. ಅದಕ್ಕಾಗಿ ಚಮಚವನ್ನು ಬೇಕೆಂದೇ ಬೀಳಿಸಬೇಕು. ಹನ್ನೊಂದು ವರ್ಷದಿಂದ ಬೀಳಿಸುತ್ತಲೇ ಇದ್ದ. ಗೆಳೆಯರು "ಏನು ಪುಣ್ಯ ಮಾಡಿದ್ಯೋ, ತಿನ್ನೋದಕ್ಕೂ ಸಂಬಳ!" ಎನ್ನುತ್ತಿದ್ದರು. ಪುಣ್ಯವೋ ಪಾಪವೋ, ಅವನಿಗಂತೂ ಊಟದ ರುಚಿ ಗೊತ್ತಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ತುತ್ತು ಬಾಯಿಗೆ ಹೋಗುವ ಮೊದಲು ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು.

ಇಂಥ ಚಟ ಆಫೀಸಿನಲ್ಲೇ ಬೀಗ ಹಾಕಿಟ್ಟು ಬರುವಂಥದ್ದಲ್ಲ, ಹಿಂದೆ ಹಿಂದೆಯೇ ಮನೆಗೂ ಬರುತ್ತದೆ. ಮೂರು ವಾರದ ಹಿಂದೆ, ಮದುವೆಯಾದ ದಿನದ ನೆನಪಿಗೆಂದು ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಹೋದವನು, ಯಾರೂ ಹೇಳದೆ, ಯಾರೂ ಕಾಸು ಕೊಡದೆ, ಚಮಚ ಬೀಳಿಸಿದ. ಅವಳಾಗ ತನ್ನನ್ನು ಆಫೀಸಿನಲ್ಲಿ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದ ಸುದ್ದಿ ಹೇಳುತ್ತಿದ್ದಳು. ಅರ್ಧಕ್ಕೇ ನಿಲ್ಲಿಸಿದಳು. ನಿಲ್ಲಿಸಿದ್ದು ಈ ಮಹಾನುಭಾವನಿಗೆ ಗೊತ್ತೇ ಆಗಲಿಲ್ಲ. ಅವಳೇ ಬಗ್ಗಿ ಚಮಚ ಎತ್ತಿ ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ನಲವತ್ತು ಸೆಕೆಂಡು. ಬರ್ಕೊಳ್ಳಿ" ಎಂದು ಎದ್ದು ಹೋದಳು. ಮರುದಿನ ತಾಯಿಯ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಅಂದಿನಿಂದ ಇವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೆಳಗ್ಗೆ ಎದ್ದು ಫ್ರಿಜ್ಜಿನ ಬಾಗಿಲು ತೆಗೆಯುತ್ತಾನೆ, ಏನೂ ತೆಗೆದುಕೊಳ್ಳದೆ ಮುಚ್ಚುತ್ತಾನೆ. ಟಿವಿ ಹಾಕಿ ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. ಅವಳಿಗೆ ಫೋನು ಮಾಡಿದರೆ "ಊಟ ಆಯ್ತಾ?" "ಆಯ್ತು", ಅಷ್ಟೇ. ಅವಳು ಬರದಿದ್ದರೆ ತಾನು ಕೆಟ್ಟೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಒಬ್ಬನೇ ಗಂಡಸು ಕೂತು ಗಡಿಯಾರ ನೋಡುತ್ತ ಉಂಡರೆ ಹೋಟೆಲಿನವರಿಗೆ ವಾಸನೆ ಬಡಿಯುತ್ತದೆ. ಆದ್ದರಿಂದ ಇಬ್ಬರು ಹೋಗಬೇಕೆಂಬುದು ಕಂಪನಿಯ ನಿಯಮ. ಜೊತೆಗೆ ಬರುತ್ತಿದ್ದ ಸಹೋದ್ಯೋಗಿಗೆ ಜ್ವರ ಬಂದದ್ದೇ ನೆಪವಾಗಿ ಇವನು ಅತ್ತೆಗೆ ಫೋನು ಮಾಡಿದ. ಸ್ವಾಮಿಕಾರ್ಯವೂ ಆಗುತ್ತದೆ, ಸ್ವಕಾರ್ಯವೂ ಆಗುತ್ತದೆ ಎಂಬ ಎಣಿಕೆ. ಅತ್ತೆ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ನಿಜವಾದ ನೋವು ಯಾವುದು, ನಾಟಕ ಯಾವುದು ಎಂದು ಮುಖ ನೋಡಿಯೇ ಹೇಳುವವರು. "ಬರ್ತೀನಿ, ಬಿಟ್ಟಿ ಊಟ ಯಾರು ಬೇಡ ಅಂತಾರೆ" ಎಂದರು.

ಅದು ಮೂಲೆಯ ಕಟ್ಟಡದಲ್ಲಿದ್ದ ಬಾರ್ ಅಂಡ್ ರೆಸ್ಟೋರೆಂಟು. ರಸ್ತೆಯ ಕಡೆಗೆ ನೆಲದಿಂದ ಮೇಲಿನವರೆಗೂ ಗಾಜು. ಮಧ್ಯಾಹ್ನ ಒಂದು ಗಂಟೆ, ಮೇಜುಗಳೆಲ್ಲ ತುಂಬಿದ್ದವು. ಇವನು ಎಂದಿನಂತೆ ಅಡುಗೆಮನೆಯ ಬಾಗಿಲು ಕಾಣುವ ಹಾಗೆ, ಗಾಜಿಗೆ ಬೆನ್ನು ಹಾಕಿ ಕೂತ. ಅತ್ತೆ ಎದುರು ಕೂತು ಹೊರಗೆ ನೋಡತೊಡಗಿದರು.

"ಬಾರು ಅಂದ್ರೆ ಕತ್ತಲೆ, ಹೊಗೆ ಅಂದ್ಕೊಂಡಿದ್ದೆ. ನಮ್ಮ ಆಸ್ಪತ್ರೆಗಿಂತ ಚೊಕ್ಕಟವಾಗಿದೆಯಲ್ಲ ಅಳಿಯಂದ್ರೇ!"

"ಸ್ವಲ್ಪ ಮೆತ್ತಗೆ ಮಾತಾಡಿ ಅತ್ತೆ."

"ಯಾಕೆ, ಜೋರಾಗಿ ಮಾತಾಡಿದ್ರೆ ನನಗೂ ಮಾರ್ಕ್ಸ್ ಕಟ್ ಮಾಡ್ತೀರಾ?"

ಸಪ್ಲೈಯರ್ ಹೆಂಗಸು ಬಂದಳು. ನಲವತ್ತೈದರ ಆಸುಪಾಸು, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು, ಕಾಲು ನೋವಿನವರ ನಡಿಗೆ. ಒಂದು ನಿಮಿಷ ಐವತ್ತು ಸೆಕೆಂಡು; ಎರಡರ ಒಳಗೆ ಬಂದಿದ್ದಳು, ಪಾಸು. ಅತ್ತೆ ಚಿಕ್ಕ ಗ್ಲಾಸಿನಲ್ಲಿ ಬಿಯರ್ ಹೇಳಿದರು. ಅಳಿಯ ಬಾಯಿ ತೆರೆದದ್ದು ನೋಡಿ "ರಿಟೈರ್ ಆಗಿದ್ದೀನಿ, ಸತ್ತಿಲ್ಲ" ಎಂದರು. ಸಪ್ಲೈಯರ್ ಹೆಂಗಸು ನಕ್ಕಳು. ನಕ್ಕದ್ದಕ್ಕೆ ಎರಡು ಅಂಕ.

ಸೂಪು ಬಂತು. ಇವನು ಕಕ್ಕಸಿಗೆ ಹೋಗಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಉತ್ತರಗಳನ್ನು ಒತ್ತಿ ಬಂದ. ಬ್ರೆಡ್ಡು ಬಂದಾಗ ಇನ್ನೊಂದು ಸಲ ಹೋದ. ಮೂರನೆಯ ಸಲ ಏಳುವಾಗ ಅತ್ತೆ ಕೈ ಹಿಡಿದು ಕೂರಿಸಿದರು.

"ಇಷ್ಟು ಸಲ ಹೋಗೋದಾದ್ರೆ ಸಕ್ಕರೆ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸ್ಬೇಕು. ಇಲ್ಲ ಅಂದ್ರೆ ಕೂತ್ಕೊಂಡು ಮಾತಾಡ್ಬೇಕು. ನನ್ನ ಕರೆಸಿದ್ದು ಯಾಕೆ?"

ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ನಿಜವೇ ಬಾಯಿಗೆ ಬಂತು.

"ಅವಳಿಲ್ದೆ ಆಗ್ತಿಲ್ಲ ಅತ್ತೆ. ಮನೆಗೆ ಹೋಗೋಕೇ ಭಯ ಆಗುತ್ತೆ. ರಾತ್ರಿ ಎಲ್ಲಾ ರೂಮಿನ ಲೈಟೂ ಹಾಕಿಟ್ಟು ಮಲಗ್ತೀನಿ. ತಪ್ಪು ನಂದೇ. ಹೇಗೆ ಕೇಳ್ಬೇಕು ಅಂತ ಗೊತ್ತಾಗ್ದೆ ನಿಮ್ಮನ್ನ ಕರೆದೆ."

ಅತ್ತೆ ಅವನ ಮುಖವನ್ನೇ ನೋಡಿದರು, ವಾರ್ಡಿನಲ್ಲಿ ನೋಡುತ್ತಿದ್ದ ಹಾಗೆ. ನಾಟಕವಲ್ಲ ಎಂದು ಖಾತ್ರಿಯಾಗಿರಬೇಕು. ಬಂದಾಗಿನಿಂದ ಬಿಗಿದುಕೊಂಡಿದ್ದ ಭುಜ ಸಡಿಲವಾಯಿತು, ಬಿಯರಿನ ಕೊನೆಯ ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈತ ಮಾತು ಆಡಿದ್ದೇನೋ ಆಯಿತು; ಅಲ್ಲಿಗೆ ಸುಮ್ಮನೆ ಕೈ ಕಟ್ಟಿ ಕೂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಖ್ಯ ಊಟಕ್ಕೆ ಹದಿನೆಂಟು ನಿಮಿಷದ ಗಡುವು, ಹದಿನೇಳಾಗಿತ್ತು. ಇವನ ಕಣ್ಣು ಅತ್ತೆಯ ಹೆಗಲ ಮೇಲಿಂದ ಅಡುಗೆಮನೆಯ ಬಾಗಿಲಿಗೆ ಹೋಯಿತು, ಬಾಗಿಲಿನಿಂದ ಮಣಿಕಟ್ಟಿಗೆ ಬಂತು. ಹದಿನೇಳು ಇಪ್ಪತ್ತು. ಅತ್ತೆಯ ತುಟಿ ಅಲುಗುತ್ತಿತ್ತು. ಹದಿನೇಳು ನಲವತ್ತು. ಬಾಗಿಲು ತೆರೆಯಿತು, ಎರಡು ತಟ್ಟೆ ಹಿಡಿದು ಸಪ್ಲೈಯರ್ ಹೆಂಗಸು ಬಂದು ಪಕ್ಕದಲ್ಲಿ ನಿಂತಳು. ಅತ್ತೆ ಇನ್ನೂ ಏನೋ ಹೇಳುತ್ತಿದ್ದರು.

"ಹೂಂ, ನೋಡೋಣ" ಎಂದ. ಹದಿನೇಳು ಐವತ್ತೆರಡು. ಗೆದ್ದವನಂತೆ ಅವನ ಎದೆ ಹಗುರಾಯಿತು.

ಸಪ್ಲೈಯರ್ ಹೆಂಗಸು "ಬಿಸಿ ಇದೆ, ತಟ್ಟೆ ಮುಟ್ಬೇಡಿ" ಎಂದು ಮೀನು ಇಟ್ಟು, ಒಳಗೆ ಹೋಗಿ, ಮೂರನೆಯ ಖಾಲಿ ತಟ್ಟೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಕೇಳದೆ ಹೆಚ್ಚುವರಿ ತಟ್ಟೆ! ಒಂದು ಅಂಕ ಹೋಯಿತು.

"ಇಬ್ರೇ ಇರೋದು. ಇದನ್ನ ತಗೊಂಡ್ಹೋಗಿ" ಎಂದ.

ಅವಳು ಅತ್ತೆಯ ಮುಖ ನೋಡಿ, ತಟ್ಟೆ ಎತ್ತಿಕೊಂಡು ಹೋದಳು. ಅತ್ತೆ ಕೈಯಲ್ಲಿದ್ದ ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟರು.

"ಅಳಿಯಂದ್ರೇ, ನಾನೀಗ ಏನು ಹೇಳಿದೆ?"

ಇವನು ನೆನಪನ್ನೆಲ್ಲ ತಡಕಾಡಿದ. ಬಿಸಿ ಇದೆ, ತಟ್ಟೆ ಮುಟ್ಬೇಡಿ. ಅದು ನೆನಪಿದೆ, ಅದರ ಸೆಕೆಂಡೂ ನೆನಪಿದೆ. ಅತ್ತೆಯ ಮಾತಿದ್ದ ಜಾಗ ಬಟಾಬಯಲು.

"ಮೀನು... ಮೀನು ಚೆನ್ನಾಗಿದೆ ಅಂದ್ರಿ."

ಅತ್ತೆಯ ತಟ್ಟೆಯಲ್ಲಿ ಮೀನು ಇಟ್ಟ ಹಾಗೇ ಇತ್ತು.

"ತಪ್ಪಾಯ್ತು ಅತ್ತೆ, ಇನ್ನೊಂದ್ಸಲ ಹೇಳಿ."

"ನಾನು ಹೇಳಿದ್ದೂ ಆಯ್ತು, ನೀವು ಜವಾಬು ಕೊಟ್ಟಿದ್ದೂ ಆಯ್ತು" ಎಂದು ಅವರು ಚೀಲ ಹೆಗಲಿಗೇರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವನಿಗೆ ಧೈರ್ಯ ಬರುತ್ತಿತ್ತು. "ಊಟ ಮುಗಿಸಿ ಬನ್ನಿ. ನಿಮ್ಮ ಕೆಲಸ ಕೆಡೋದು ಬೇಡ."

ಹಿಂದೆಯೇ ಓಡಬೇಕಿತ್ತು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಬಿಲ್ಲಿಗೆ ಸಂಬಂಧಿಸಿದ ಆರು ಪ್ರಶ್ನೆ ಬಾಕಿ ಇದ್ದವು, ಅರ್ಧ ತುಂಬಿದ ವರದಿ ಕಸದ ಬುಟ್ಟಿಗೆ ಸಮ. ಎರಡು ನಿಮಿಷದ ಕೆಲಸ, ಅತ್ತೆಯ ನಡಿಗೆಗೆ ಎಷ್ಟು ದೂರ ಹೋದಾರು ಎಂದುಕೊಂಡ. ಬಿಲ್ಲು ಬರಲು ನಾಲ್ಕು ನಿಮಿಷವಾಯಿತು. ಹೊರಗೆ ಬಂದು ಎಡಕ್ಕೆ ಓಡಿದ, ಬಲಕ್ಕೆ ಓಡಿದ, ಟ್ಯಾಕ್ಸಿ ನಿಲ್ಲುವ ಜಾಗದವರೆಗೂ ಹೋಗಿ ಬಂದ. ಅತ್ತೆ ಇರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಹೆಂಡತಿಯ ನಂಬರು ತೆಗೆದ. ಒತ್ತಲು ಕೈ ಬರಲಿಲ್ಲ. ಅತ್ತೆ ತಂದ ಮಾತು "ಬರ್ತಾಳೆ" ಎಂದಿತ್ತೋ, "ಇನ್ನು ಬರಲ್ಲ" ಎಂದಿತ್ತೋ? ಬರುತ್ತೇನೆ ಎಂದು ಹೇಳಿ ಕಳಿಸಿದವಳಿಗೆ "ಏನಂದೆ?" ಎಂದು ಕೇಳುವುದಕ್ಕಿಂತ ಫೋನು ಮಾಡದಿರುವುದೇ ಮೇಲು. ಫುಟ್‌ಪಾತಿನ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದ. ಆಗ ನೆನಪಾಯಿತು, ಆ ಮಾತು ಆಡುವಾಗ ಪಕ್ಕದಲ್ಲಿ ಇನ್ನೊಂದು ಜೊತೆ ಕಿವಿ ಇದ್ದವು.

ಒಳಗೆ ನುಗ್ಗಿದ. ಸಪ್ಲೈಯರ್ ಹೆಂಗಸು ಕೌಂಟರಿನ ಬಳಿ ಗ್ಲಾಸು ಒರೆಸುತ್ತಿದ್ದಳು.

"ನಮ್ಮತ್ತೆ ಆಗ ಏನು ಹೇಳಿದ್ರು? ನೀವು ಮೀನು ತಂದಾಗ?"

"ಕಸ್ಟಮರ್ ಮಾತು ನಾವು ಕೇಳಿಸ್ಕೊಳ್ಳಲ್ಲ ಸಾರ್."

"ಪರವಾಗಿಲ್ಲ, ಹೇಳಿ. ನಾನು ಯಾರಂತ ಗೊತ್ತಾ? ಈ ಹೋಟೆಲಿಗೆ ಮಾರ್ಕ್ಸ್ ಹಾಕೋನೇ ನಾನು." ಹನ್ನೊಂದು ವರ್ಷದ ಗುಟ್ಟನ್ನು ಒಂದೇ ಉಸಿರಿಗೆ ಉಗುಳಿ, ಮೊಬೈಲಿನ ವರದಿ ತೋರಿಸಿದ.

ಅವಳು ಗ್ಲಾಸು ಕೆಳಗಿಟ್ಟು ನೆಟ್ಟಗೆ ನಿಂತಳು.

"ಹಾಗಾದ್ರಂತೂ ಒಂದಕ್ಷರಾನೂ ಕೇಳಿಸ್ಕೊಂಡಿಲ್ಲ ಸಾರ್."

ಇವನು ಇಂಗು ತಿಂದ ಮಂಗನಂತಾದ. ಸರಿಯೇ. 'ಸಿಬ್ಬಂದಿ ಗಿರಾಕಿಗಳ ಮಾತಿಗೆ ಕಿವಿಗೊಡುತ್ತಾರೆಯೇ?' ಎಂಬುದು ನಲವತ್ತೊಂದನೆಯ ಪ್ರಶ್ನೆ. ಹೌದು ಎಂದಾದರೆ ಹತ್ತು ಅಂಕ ಹೋಗುತ್ತದೆ. ಆ ಪ್ರಶ್ನೆ ಸೇರಿಸಬೇಕೆಂದು ಕಂಪನಿಗೆ ಬರೆದವನೂ ಇವನೇ.

"ಅಕ್ಕಾ, ನನ್ನ ಸಂಸಾರದ ವಿಷಯ" ಎಂದ.

ಅವಳು ಅತ್ತಿತ್ತ ನೋಡಿದಳು. "ಮೊದಲು ಅದನ್ನ ತುಂಬಿ ಕಳಿಸ್ಬಿಡಿ. ನನ್ನ ಕಣ್ಣೆದುರಿಗೆ. ಹೋದ ಸಲ ಮಾರ್ಕ್ಸ್ ಕಮ್ಮಿ ಬಂತು ಅಂತ ಇಬ್ರನ್ನ ತೆಗೆದ್ರು."

ಹೋದ ಸಲವೂ ಬಂದವನು ಇವನೇ. ಅದನ್ನು ಹೇಳಲಿಲ್ಲ. ನಲವತ್ತೊಂದಕ್ಕೆ 'ಇಲ್ಲ' ಎಂದು ಒತ್ತಿದ. ಹೆಚ್ಚುವರಿ ತಟ್ಟೆಗೆ ಕಳೆದ ಅಂಕ ವಾಪಸು ಕೊಟ್ಟ. ಬಿಲ್ಲಿಗೆ ಒಂದೇ ನಿಮಿಷ ಎಂದು ಹಾಕಿದ. ಬದುಕಿನಲ್ಲಿ ಬರೆದ ಮೊದಲ ಸುಳ್ಳು ವರದಿ ಅವಳ ಕಣ್ಣೆದುರೇ ಹೊರಟುಹೋಯಿತು.

"ಕೇಳಿಸ್ದೆ ಏನು, ನಾನೇನು ಕಿವುಡೀನಾ?" ಎಂದಳು ಅವಳು, ಈಗ ಬೇರೆಯೇ ದನಿಯಲ್ಲಿ. "'ಅವಳು ನನ್ನ ಜೊತೇಲೇ ಬಂದಿದ್ದಾಳೆ. ಎದುರುಗಡೆ ಬಸ್ ಸ್ಟಾಪಲ್ಲಿ ಕೂತಿದ್ದಾಳೆ. ಹೋಗಿ ಕರೀರಿ, ಮೂರೂ ಜನ ಊಟ ಮಾಡೋಣ, ಹಾಗೇ ಮನೆಗೆ ಕರ್ಕೊಂಡ್ಹೋಗಿ' ಅಂದ್ರು. ಅದಕ್ಕೇ ನಾನು ಇನ್ನೊಂದು ತಟ್ಟೆ ತಂದೆ."

"ನಾನೇನಂದೆ?"

"'ಹೂಂ, ನೋಡೋಣ' ಅಂದ್ರಿ. ಆಮೇಲೆ ತಟ್ಟೆ ತಗೊಂಡ್ಹೋಗು ಅಂದ್ರಿ."

ರಸ್ತೆ ದಾಟುವಾಗ ಯಾವುದೋ ಕಾರಿನವನು ಬೈದ. ಬಸ್ ಸ್ಟಾಪಿನ ಬೆಂಚು ಖಾಲಿ. ಅಲ್ಲಿ ನಿಂತು ತಿರುಗಿ ನೋಡಿದರೆ ರೆಸ್ಟೋರೆಂಟಿನ ಒಳಗೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು: ಅವರ ಮೇಜು, ಅವನು ಕೂತಿದ್ದ ಕುರ್ಚಿ, ಅದರ ಬೆನ್ನು. ಅರ್ಧ ಗಂಟೆ ಹೊತ್ತು ಹೆಂಡತಿ ಇಲ್ಲಿ ಕೂತು ಅವನ ಬೆನ್ನನ್ನು ನೋಡಿದ್ದಳು. ಒಂದೇ ಒಂದು ಸಲ ಕತ್ತು ತಿರುಗಿಸಿದ್ದರೆ ಸಾಕಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಈ ಸಲ ಬೆರಳು ತಡೆಯಲಿಲ್ಲ. ಅವಳು ಫೋನು ಎತ್ತಿದಳು. ಹಿಂದೆ ಬಸ್ಸಿನ ಸದ್ದು.

"ಇಬ್ರೂ ಇಳ್ಕೊಳ್ಳಿ, ಬರ್ತೀನಿ" ಎಂದ ಏದುಸಿರಿನಲ್ಲಿ. "ನಾನು ಬೇಡ ಅನ್ನಲಿಲ್ಲ ಕಣೆ. ದೇವರಾಣೆ ಬೇಡ ಅನ್ನಲಿಲ್ಲ. ನಂಗೆ ಕೇಳಿಸ್ಲೇ ಇಲ್ಲ."



"ಬೇಡ ಅಂದಿದ್ರೇ ವಾಸಿಯಾಗಿತ್ತು ರೀ" ಎಂದಳು. "ಕೇಳಿಸ್ಕೊಂಡು ಬೇಡ ಅಂದ್ರಲ್ಲಾ ಅನ್ನೋ ಸಮಾಧಾನ ಆದ್ರೂ ಇರ್ತಿತ್ತು."

ಫೋನು ಕಟ್ಟಾಯಿತು. ಬಸ್ಸು ಹೊರಟು ಎಷ್ಟು ಹೊತ್ತಾಗಿತ್ತೋ, ಯಾವ ತಿರುವು ದಾಟಿತ್ತೋ. ಬಸ್ಸಿನ ಹಿಂದೆ ಓಡಿ ಹಿಡಿದವರುಂಟೇ? ಅವನು ಓಡಿದ.