ನಾನೂರ ಹತ್ತು

"ಇನ್ನೊಂದ್ಸಲ ಊದು," ಎಂದಳು ನರ್ಸ್ ದಲೆಂದಾ.

ಖಮೈಸ್ ಕುರ್ಚಿಯ ಅಂಚಿಗೆ ಸರಿದು ಕೂತು, ಎರಡೂ ಕೈಯಲ್ಲಿ ಕೊಳವೆ ಹಿಡಿದು ಕಣ್ಣುಮುಚ್ಚಿ ಊದಿದ. ಯಂತ್ರದ ಪುಟ್ಟ ಪರದೆಯ ಮೇಲೆ ಇನ್ನೂರ ಎಂಬತ್ತು ಎಂದು ಬಂತು. ಮೊದಲ ಸಲ ಇನ್ನೂರ ತೊಂಬತ್ತು ಬಂದಿತ್ತು. ಮುನ್ನೂರ ತೊಂಬತ್ತಕ್ಕಿಂತ ಕಡಿಮೆಯಿದ್ದರೆ ಅವನಿಗೆ ಚುಚ್ಚುಮದ್ದು ಕೊಡುವಂತಿರಲಿಲ್ಲ.

"ನಿಮ್ ಯಂತ್ರಕ್ಕೇ ಉಬ್ಬಸ ಹಿಡಿದಿರ್ಬೇಕು ಅಕ್ಕಾ," ಎಂದು ನಕ್ಕ. ನಗು ಅರ್ಧದಲ್ಲೇ ಕೆಮ್ಮಾಯಿತು.

ಕಡಲತೀರದ ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಯಲ್ಲಿ ಆ ಪ್ರಯೋಗ ಶುರುವಾಗಿ ಇದು ಮೂರನೆಯ ವಸಂತ. ಆಲಿವ್ ಹೂವಿನ ಪರಾಗ ಆಗದೆ ಉಬ್ಬಸ ಬರುವ ಅರವತ್ತು ಜನರಿಗೆ, ಅದೇ ಪರಾಗದ ಸತ್ವವನ್ನು ತಿಂಗಳಿಗೊಮ್ಮೆ ಹನಿಹನಿಯಾಗಿ ತೋಳಿಗೆ ಚುಚ್ಚಿ ಮೈಗೆ ಒಗ್ಗಿಸುವ ಪ್ರಯತ್ನ ಅದು. ಅರ್ಧ ಜನರಿಗೆ ನಿಜವಾದ ಮದ್ದು, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಚುಚ್ಚುವ ದಲೆಂದಾಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಖಮೈಸ್ ಆಲಿವ್ ಮರದ ಕೊಂಬೆ ಸವರುವವನು. ಅಪ್ಪನೂ ಅಜ್ಜನೂ ಅದನ್ನೇ ಮಾಡಿದವರು. ಹೂವು ಬಿಡುವ ಒಂದೂವರೆ ತಿಂಗಳು ಅವನು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ಪ್ರಯೋಗಕ್ಕೆ ಸೇರಿದ ಮೊದಲ ವಸಂತದಲ್ಲಿ ಹನ್ನೊಂದು ವರ್ಷಗಳ ನಂತರ ಮಲಗಿ ನಿದ್ದೆ ಮಾಡಿದೆ ಎಂದು ಬಂದು ಹೇಳಿ, ದಲೆಂದಾಳ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡಿದ್ದ.

ಅವಳು ಅವನ ಮನೆಯ ಊದುಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ದಿನಾ ಬೆಳಿಗ್ಗೆ ಊದಿದ್ದೆಲ್ಲ ಅದರೊಳಗೆ ತಾರೀಖಿನ ಸಮೇತ ಉಳಿದಿರುತ್ತದೆ. ಕೈಯಲ್ಲಿ ತಿದ್ದಲು ಬರುವುದಿಲ್ಲ. ನಾನೂರ ಹತ್ತು, ನಾನೂರ ಐದು, ಮತ್ತೆ ನಾನೂರ ಹತ್ತು. ಈವತ್ತಿನ ಬೆಳಿಗ್ಗೆಯದೂ ಅಷ್ಟೇ.

"ಮನೇಲಿ ನಾನೂರ ಹತ್ತು, ಇಲ್ಲಿ ಇನ್ನೂರ ಎಂಬತ್ತು. ದಾರೀಲಿ ಉಸಿರು ಎಲ್ಲಿ ಬೀಳಿಸ್ಕೊಂಡು ಬಂದೆ?"

"ವ್ಯಾನಲ್ಲಿ ಎಂಟು ಜನ ಅಕ್ಕಾ. ಕಿಟಕಿ ತೆಗ್ದಿದ್ರು."

ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿ ಜಾಜಿಯಾ ತಡೆಯಲಾರದೆ ಎದ್ದು ಬಂದಳು. ಈ ಕೋಣೆಗೆ ಅವಳು ಬಂದದ್ದು ಇದೇ ಮೊದಲು. ಒಬ್ಬನೇ ವ್ಯಾನ್ ನಿಲ್ದಾಣದಿಂದ ನಡೆಯಲಾರ ಎಂದು ಹಟ ಹಿಡಿದು ಜೊತೆಗೆ ಬಂದಿದ್ದಳು. ದಲೆಂದಾಳಿಗೆಂದು ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

"ಹಾಗಲ್ಲ ಕಣ್ರೀ, ನಾಲಿಗೆ ಅಡ್ಡ ಬರ್ತಾ ಇದೆ. ತುಟಿ ಬಿಗಿಯಾಗಿ ಹಿಡೀಬೇಕು, ಒಂದೇ ಸಲಕ್ಕೆ ಫೂ ಅಂತ ಬಿಡ್ಬೇಕು," ಎಂದಳು ಗಂಡನಿಗೆ.

"ಸುಮ್ನಿರೇ," ಎಂದ ಖಮೈಸ್.

ದಲೆಂದಾ ತಲೆಯೆತ್ತಿದಳು. "ನಿಂಗೆ ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ರು ತಂಗೀ?"

"ಇವ್ರೇ. ದಿನಾ ಬೆಳಿಗ್ಗೆ ನಾನೂ ಊದ್ತೀನಲ್ಲ. ಮನೆಯವರದ್ದೂ ಬೇಕು ಅಂತ ಡಾಕ್ಟ್ರು ಹೇಳಿದಾರಂತೆ."

ಖಮೈಸ್ ನೆಲ ನೋಡಿದ. ದಲೆಂದಾ ಏನೂ ಕೇಳದೆ ಇರಬಹುದಿತ್ತು. ಆದರೆ ಇಪ್ಪತ್ತು ವರ್ಷದ ಕೆಲಸದ ಅಭ್ಯಾಸ. ಕೈ ತಾನೇ ಹೊಸ ಕೊಳವೆ ಸಿಕ್ಕಿಸಿ ಯಂತ್ರವನ್ನು ಜಾಜಿಯಾಳತ್ತ ಚಾಚಿತು. ಜಾಜಿಯಾ ತಲೆವಸ್ತ್ರ ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗಿಯಂತೆ ಹೆಮ್ಮೆಯಿಂದ ಊದಿದಳು.

ನಾನೂರ ಹತ್ತು.

"ಸರಿ ಬಂತಾ?" ಎಂದು ಕೇಳಿದಳು. ಅವಳು ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ದಲೆಂದಾಳ ಮುಖ. ನಿಧಾನವಾಗಿ ಯಂತ್ರವನ್ನು ಮೇಜಿನ ಮೇಲಿಟ್ಟು ಕೈಯನ್ನು ತಲೆವಸ್ತ್ರದ ತುದಿಗೆ ಒರೆಸಿಕೊಂಡಳು.

"ಎಷ್ಟು ದಿನದಿಂದ?" ಎಂದಳು ದಲೆಂದಾ.

"ಹೂವು ಬಿಟ್ಟಾಗಿಂದ ಅದರಲ್ಲಿರೋದು ಇವಳ ಉಸಿರೇ," ಎಂದ ಖಮೈಸ್. "ಐದು ವಾರ. ಹೋದ ಸಲ ಇಲ್ಲಿಗೆ ಬರೋ ಮುಂಚೆ ಗೇಟಿನ ಹತ್ರ ನಿಂತು ಉಬ್ಬಸದ ಪಂಪು ಆರು ಸಲ ಎಳ್ಕೊಂಡೆ. ಇವತ್ತು ಅದೂ ಕೇಳ್ಲಿಲ್ಲ."

"ಹೋದ ಸಲ ನಾನು ನಿಂಗೆ ಚುಚ್ಚಿ ಕಳ್ಸಿದೀನಿ ಖಮೈಸ್! ಎದೆ ಬಿಗಿದಿರೋವಾಗ ಚುಚ್ಚಿದ್ರೆ ಗಂಟಲು ಕಟ್ಟಿ ಇದೇ ಕುರ್ಚೀಲಿ ಹೋಗ್ಬಿಡ್ತೀಯ ಅಂತ ಎಷ್ಟು ಸಲ ಹೇಳಿದ್ದೆ?"

"ಹೋಗ್ಲಿಲ್ಲವಲ್ಲ. ಇನ್ನು ಉಳಿದಿರೋದು ಐದೇ ಸೂಜಿ ಅಕ್ಕಾ. ಮಧ್ಯೆ ಬಿಟ್ರೆ ಇಷ್ಟು ದಿನದ್ದೆಲ್ಲ ನೀರುಪಾಲು. ನಿಜ ಹೇಳಿದ್ರೆ ನೀವು ಆಚೆ ಹಾಕ್ತೀರ."

ಅದು ಸುಳ್ಳಾಗಿರಲಿಲ್ಲ. ದಲೆಂದಾ ಮುಂದಿದ್ದ ಹಾಳೆಯನ್ನು ನೋಡಿದಳು. 'ಉಸಿರಿನ ಅಳತೆ' ಎಂಬುದರ ಮುಂದೆ ಜಾಗ ಇನ್ನೂ ಖಾಲಿಯಿತ್ತು. ಯಂತ್ರ ಕೆಟ್ಟಿದೆ ಎಂದು ಬರೆದು, ಮುಂದಿನ ವಾರ ಬಾ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ವಾರವೂ ಹೂವು ಇರುತ್ತದೆ. ಅವನು ಮತ್ತೆ ಪಂಪು ಎಳೆದುಕೊಂಡು ಬರುತ್ತಾನೆ, ಅವಳು ಮತ್ತೆ ಸೂಜಿ ಹಿಡಿಯುತ್ತಾಳೆ. ಅವಳು ಎದ್ದು ಡಾಕ್ಟರ್ ಶಾದ್ಲಿಯನ್ನು ಕರೆದಳು.

ಡಾಕ್ಟರು ಮೊದಲು ಅವನಿಗೆ ಮುಖವಾಡ ಕಟ್ಟಿಸಿ ಹಬೆಯ ಔಷಧ ಕೊಡಿಸಿದರು. ಎದೆಯ ಶಿಳ್ಳೆ ತಗ್ಗುವವರೆಗೆ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ಸ್ಟೂಲು ಎಳೆದುಕೊಂಡು ಎದುರು ಕೂತರು.

"ನಿನ್ ಮೇಲೆ ಕೋಪ ಇಲ್ಲ ಕಣಪ್ಪಾ. ಆದ್ರೆ ಇನ್ಮುಂದೆ ಈ ಸೂಜಿ ಕೊಡೋಕಾಗಲ್ಲ. ಆ ಐದು ವಾರದ ಲೆಕ್ಕವೂ ಸುಳ್ಳು, ಅದನ್ನೂ ನಾನು ಬರೀಲೇಬೇಕು. ಮಾಮೂಲಿ ಪಂಪು, ಮಾತ್ರೆ ಎಲ್ಲ ಕೊಡ್ತೀನಿ. ಯಾವಾಗ ಬೇಕಾದ್ರೂ ಬಾ, ನಾನು ನೋಡ್ತೀನಿ."

"ಮಾಮೂಲಿ ಹನ್ನೊಂದು ವರ್ಷ ತಗೊಂಡಿದೀನಿ ಡಾಕ್ಟ್ರೇ." ಮುಖವಾಡ ಕೆಳಗೆಳೆದು ಅವನು ಕೇಳಿದ. "ಹೋಗ್ಲಿ, ಇಷ್ಟು ಹೇಳಿ. ನಂಗೆ ಚುಚ್ಚಿದ್ದು ಮದ್ದೋ, ನೀರೋ?"

"ಗೊತ್ತಿಲ್ಲ."

"ಅಕ್ಕಾ, ನೀವು?"

"ನಂಗೂ ಗೊತ್ತಿಲ್ಲ ಖಮೈಸ್."

"ಮತ್ತೆ ಯಾರಿಗೆ ಗೊತ್ತು?"

"ಬೇರೆ ದೇಶದಲ್ಲಿ ಒಂದು ಪಟ್ಟಿ ಇದೆ," ಎಂದರು ಡಾಕ್ಟರು. "ಪ್ರಯೋಗ ಮುಗಿದ್ಮೇಲೆ ತೆಗೀತಾರೆ. ಇನ್ನೂ ಒಂದು ವರ್ಷ, ಒಂದೂವರೆ ವರ್ಷ ಆಗ್ಬಹುದು."

"ಒಂದು ಫೋನು ಮಾಡಿ ಕೇಳೋಕಾಗಲ್ವಾ?"

"ಕೇಳೋ ಹಾಗಿಲ್ಲ."

ಖಮೈಸ್ ಹಬೆಯ ಮರೆಯಲ್ಲಿ ನಕ್ಕ. "ನೀರಾಗಿದ್ರೆ ಮೊದಲನೇ ವರ್ಷ ನಾನು ಮಲಗಿದ್ದು ಹೇಗೆ? ಮದ್ದಾಗಿದ್ರೆ ಈಗ ಹೀಗೇಕೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮೊದಲ ವರ್ಷ ಹೂವೇ ಕಡಿಮೆಯಿತ್ತು, ಈ ಸಲ ಕೊಂಬೆ ಬಾಗುವಷ್ಟು ಬಿಟ್ಟಿದೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.

"ಊರು ಬಿಟ್ಟು ಒಂದೆರಡು ತಿಂಗಳು ಎಲ್ಲಾದ್ರೂ..." ಎಂದು ಶುರುಮಾಡಿದ ಡಾಕ್ಟರು ತಾವೇ ಮಾತು ನಿಲ್ಲಿಸಿದರು.

"ಎಲ್ಲಿಗೆ? ಈ ಕಡೆ ಹೋದ್ರೂ ಅದೇ ಮರ, ಆ ಕಡೆ ಹೋದ್ರೂ ಅದೇ ಮರ. ಆಚೆ ಸಮುದ್ರ."

ಅಷ್ಟು ಹೊತ್ತೂ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಜಾಜಿಯಾ ದಲೆಂದಾಳ ಬಳಿ ಬಂದು, ಗಂಡನಿಗೆ ಕೇಳದಂತೆ ಕೇಳಿದಳು: "ನಾನು ಊದಿದ್ದಕ್ಕೇ ಅಲ್ವಾ ಇವ್ರನ್ನ ಆಚೆ ಹಾಕಿದ್ದು? ನಾನು ಮೆಲ್ಲಗೆ ಊದಿದ್ರೆ ಆಗ್ತಿತ್ತಾ?"

"ಇಲ್ಲ ತಂಗೀ. ನಿಂದೇನೂ ತಪ್ಪಿಲ್ಲ."

"ನಿಮಗೆ ಒಪ್ಪಿಸೋಕೆ ಅಂತ ಜೋರಾಗಿ ಊದಿದೆ," ಎಂದಳು ಜಾಜಿಯಾ.

ದಲೆಂದಾ ಅವಳ ಭುಜ ಹಿಡಿದು ನಿಂತಳು. ಆಮೇಲೆ ಹಾಳೆಯಲ್ಲಿ ಇನ್ನೂರ ಎಂಬತ್ತು ಎಂದು ಬರೆದು ಕೆಳಗೆ ಕಾರಣ ಬರೆದಳು. ಖಮೈಸ್ ತಾನೇ ಪೆನ್ನು ಕೇಳಿ ಇಸಿದುಕೊಂಡು ಸಹಿ ಮಾಡಿದ. ಪಂಪುಗಳ ಚೀಲವನ್ನು ಜಾಜಿಯಾ ತೆಗೆದುಕೊಂಡಳು.

"ರೊಟ್ಟಿ ತಣ್ಣಗಾಗುತ್ತೆ, ತಿನ್ನಿ ಅಕ್ಕಾ," ಎಂದ ಅವನು ಬಾಗಿಲಲ್ಲಿ.

ಮುಂದಿನ ಹೆಸರು ಕರೆಯುವ ಮುನ್ನ ದಲೆಂದಾ ಕಿಟಕಿಯ ಬಳಿ ಹೋದಳು. ಏಪ್ರಿಲಿನಿಂದ ಮುಚ್ಚಿಟ್ಟಿದ್ದ ಗಾಜಿನ ಆಚೆ ಬಿಸಿಲು ಹಳದಿಯಾಗಿತ್ತು. ಅವರಿಬ್ಬರೂ ಕಾಂಪೌಂಡಿನ ಗೋಡೆಗುಂಟ ರಸ್ತೆಯ ಕಡೆ ನಡೆಯುತ್ತಿದ್ದರು. ಸ್ವಲ್ಪ ದೂರ ಹೋಗಿ ಖಮೈಸ್ ಗೋಡೆಗೆ ಕೈಯೂರಿ ನಿಂತ. ಎರಡು ಹೆಜ್ಜೆ ಮುಂದಿದ್ದ ಜಾಜಿಯಾ ತಿರುಗಿ ನೋಡಲಿಲ್ಲ. ಅಲ್ಲೇ ಬಾಗಿ ಒಂದು ಚಪ್ಪಲಿ ಕಳಚಿ, ಕಲ್ಲು ಸಿಕ್ಕಿದೆಯೇನೋ ಎಂಬಂತೆ ಬೋರಲು ಮಾಡಿ ಕೊಡವಿದಳು. ಏನೂ ಬೀಳಲಿಲ್ಲ. ಅವನು ಇನ್ನೂ ಗೋಡೆ ಹಿಡಿದೇ ಇದ್ದ. ಅವಳು ಆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದು ಕಾಲಿನದನ್ನು ಕಳಚಿದಳು.