ಬಲಗಡೆಯ ಬೇಲಿ

ಡೆಲ್ಬರ್ಟ್ ಕ್ರೌಸ್‌ನ ಕಾರಿನ ಹಿಂದೆ ನಾನು ತಿಂದ ಧೂಳಿಗೆ ಲೆಕ್ಕವಿಲ್ಲ. ರೇಸಿನಲ್ಲಿ ನಾವು ಎದುರಾಳಿಗಳು. ಮುಗಿದ ಮೇಲೆ ಒಂದೇ ಟ್ರಕ್ಕಿನಲ್ಲಿ ಮುಂದಿನ ಊರಿಗೆ ಹೋಗುವ ಗೆಳೆಯರು. ಎರಡನೇ ಮಹಾಯುದ್ಧದಿಂದ ಬಂದ ಹೊಸತರಲ್ಲಿ ಅವನು ಇಂಡಿಯಾನಾದ ಜೋಳದ ಹೊಲಗಳ ನಡುವಿನ ಸಣ್ಣ ಟ್ರ್ಯಾಕುಗಳಲ್ಲಿ ಗೆಲ್ಲುತ್ತಿದ್ದ. ಆಮೇಲೆ ಇಂಡಿಯಾನಾಪೊಲಿಸ್‌ನ ಐನೂರು ಮೈಲಿಯ ರೇಸಿಗೂ ಹೋಗಿ ಆರನೆಯವನಾಗಿ ಬಂದ.

ಸಾವಿರದ ಒಂಬೈನೂರ ಐವತ್ತಮೂರರ ಬೇಸಿಗೆಯಲ್ಲಿ ಮುಂದಿನ ಕಾರಿನ ಚಕ್ರದಿಂದ ಸಿಡಿದ ಕಲ್ಲೊಂದು ಅವನ ಕನ್ನಡಕ ಒಡೆದು ಬಲಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಲಿಲ್ಲ.

ನಮ್ಮ ಟ್ರ್ಯಾಕುಗಳಲ್ಲಿ ತಿರುವುಗಳೆಲ್ಲ ಎಡಕ್ಕೆ, ಹಲಗೆಯ ಬೇಲಿ ಬಲಕ್ಕೆ. ಬಲಗಣ್ಣಿಲ್ಲದವನಿಗೆ ಹೋಗಿ ಬಡಿಯುವ ತನಕ ಬೇಲಿಯೇ ಇಲ್ಲ. ಅವನ ಆಟ ಮುಗಿಯಿತು ಎಂದರು ಎಲ್ಲರೂ. ನಾನೂ ಅಂದೆ.

ಚಳಿಗಾಲದಲ್ಲಿ ಅವನ ಮನೆಗೆ ಹೋದಾಗ ಹೆಂಡತಿ ಅರ್ಡಿತ್ ಹಿತ್ತಲಲ್ಲಿ ನಿಂತು ಅವನತ್ತ ಆಲೂಗಡ್ಡೆ ಎಸೆಯುತ್ತಿದ್ದಳು. ಒಂದೇ ಕಣ್ಣಲ್ಲಿ ದೂರ ಅಳೆಯುವ ಅಭ್ಯಾಸ ಅದು. ಒಂದನ್ನು ಹಿಡಿದ. ಇನ್ನೊಂದು ಹಣೆಗೇ ಬಡಿಯಿತು.

"ಏನಮ್ಮಾ, ಗಂಡನ್ನ ಕೊಂದೇ ಬಿಡ್ತೀಯಾ?" ಎಂದೆ.

"ಹಿಡಿದದ್ದು ಸೂಪಿಗೆ, ಬಿಟ್ಟಿದ್ದು ಹಂದಿಗೆ. ನಿನ್ನೆ ಹಂದಿಗಳಿಗೆ ಹಬ್ಬ" ಎಂದಳು ಅರ್ಡಿತ್.

"ಮಾತು ಸಾಕು, ಎಸಿಯೇ" ಎಂದ ಡೆಲ್ಬರ್ಟ್, ಹಣೆ ಉಜ್ಜಿಕೊಳ್ಳುತ್ತಾ.

ಮಂಜು ಕರಗುವ ಹೊತ್ತಿಗೆ ಹಂದಿಗಳ ಹಬ್ಬ ನಿಂತಿತ್ತು. ರೇಸಿನ ಅಧಿಕಾರಿಗಳು ಅವನೊಬ್ಬನಿಂದಲೇ ಕಾರು ಓಡಿಸಿ ನೋಡಿ, ತಲೆ ಕೆರೆದುಕೊಂಡು ಒಪ್ಪಿಗೆ ಕೊಟ್ಟರು.

ಆಗಸ್ಟಿನಲ್ಲಿ ವಾಬಾಷ್ ನದಿಯ ದಂಡೆಯ ಮಣ್ಣಿನ ಟ್ರ್ಯಾಕಿನಲ್ಲಿ ರೇಸು. ಕೊನೆಯ ಸುತ್ತುಗಳಲ್ಲಿ ಅವನು ಎರಡನೆಯವನು, ನಾನು ಅವನ ಬೆನ್ನಿಗೆ. ಒಣಗಿದ ಮಣ್ಣು ಹಿಟ್ಟಿನಂತೆ ಎದ್ದಿತು. ನನಗೆ ನನ್ನ ಸ್ಟಿಯರಿಂಗೇ ಕಾಣಲಿಲ್ಲ. ಜೀವಭಯಕ್ಕೆ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೆದ್ದಿತು. ಎಲ್ಲರಿಗಿಂತ ಮುಂದಿದ್ದವನೂ ವೇಗ ಇಳಿಸಿದ್ದು ಸದ್ದಿನಲ್ಲೇ ತಿಳಿಯಿತು. ಡೆಲ್ಬರ್ಟ್ ಇಳಿಸಲಿಲ್ಲ. ಅವನ ಇಂಜಿನ್ನಿನ ಕೂಗು ನನ್ನ ಬಲಕ್ಕೆ, ಬೇಲಿಯ ಕಡೆಗೆ ಸರಿಯಿತು. ಈಗ ಮುರಿಯುತ್ತದೆ ಹಲಗೆ ಎಂದು ಹಲ್ಲು ಕಚ್ಚಿದೆ. ಧೂಳಿನಿಂದ ಹೊರಬಂದಾಗ ಅವನು ಎಲ್ಲರಿಗಿಂತ ಮುಂದಿದ್ದ.

ಗೆದ್ದವನ ಬಳಿಗೆ ಓಡಿದೆ. "ಬೇಲಿ ಕಾಣ್ತೇನೋ ನಿಂಗೆ?"

"ಇಲ್ಲ ಕಣೋ, ಕೇಳಿಸ್ತು. ಇಂಜಿನ್ ಸದ್ದು ಹಲಗೆಗೆ ಬಡಿದು ವಾಪಸ್ ಬರುತ್ತೆ. ಹತ್ರ ಹೋದಷ್ಟೂ ಚುರುಕಾಗುತ್ತೆ. ಆ ಧೂಳಲ್ಲಿ ನಿಮ್ಗೆಲ್ಲ ಎರಡೂ ಕಣ್ಣು ಹೋಗಿತ್ತು. ನಂಗೆ ಹೋಗಿದ್ದು ಒಂದೇ ತಾನೇ?"

ರೇಸಿನ ಕಾರುಗಳು ನಿಲ್ಲುವ ಜಾಗಕ್ಕೆ ಆಗ ಹೆಂಗಸರನ್ನು ಬಿಡುತ್ತಿರಲಿಲ್ಲ; ಎಲ್ಲ ಮುಗಿದ ಮೇಲೆ ಅರ್ಡಿತ್ ಬಂದಳು. ಕಾರಿನಿಂದ ಹೊರಚಾಚಿದ ಹಿಂದಿನ ಬಲ ಟೈರಿನ ಮೈಗೆ ಬೇಲಿಯ ಬಿಳಿ ಸುಣ್ಣ ಸುತ್ತಲೂ ಹತ್ತಿತ್ತು. ಕಾರಿನ ತಗಡಿಗೆ ಒಂದು ಗೀರೂ ಇರಲಿಲ್ಲ. ಆ ಸುಣ್ಣದ ಮೇಲೆ ಬೆರಳಾಡಿಸಿದಳು. ನಾನು ಟೋಪಿ ತೆಗೆದು ನಿಂತೆ, ಯಾಕೆಂದು ನನಗೂ ಗೊತ್ತಿಲ್ಲ.

ಇನ್ನೂ ಕೆಲವು ವರ್ಷ ಓಡಿಸಿದ. ಇಂಡಿಯಾನಾಪೊಲಿಸ್‌ನಲ್ಲಿ ಒಮ್ಮೆ ಮೂರನೆಯವನಾದ. ಐವತ್ತೆಂಟರ ವಸಂತದಲ್ಲಿ, ಅಭ್ಯಾಸದ ನಡುವೆ ಕಾರು ತಂದು ನಿಲ್ಲಿಸಿ, ಇಂಜಿನ್ ಆರಿಸಿ ಇಳಿದ.

"ಏನು ಕೆಟ್ಟೋಯ್ತು?" ಎಂದೆ.

"ಕಿವಿ" ಎಂದ. "ಬೇಲಿ ಕೇಳಿಸ್ತಿಲ್ಲ."

ಮತ್ತೆ ರೇಸಿನ ಕಾರು ಹತ್ತಲಿಲ್ಲ. ಆ ದಿನದ ಅಭ್ಯಾಸದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದವನು ಅವನೇ.